ಹುಟ್ಟಿನಿಂದ ಇದ್ದದ್ದು, ವಂಶದಿಂದ ಬಂದದ್ದಲ್ಲ

ರೀ,

ಡ್ಯೂಟಿಗೆ ಹೊರಟೆ. ಪಾಪುವಿನ ಹಾಲು ಫ್ರಿಜ್ಜಿನಲ್ಲಿದೆ. ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆ ಮೇಲೆ ಬೇಡ.

ರಿಪೋರ್ಟಿನಲ್ಲಿ ‘ಜನ್ಮಜಾತ ಕಿವುಡು’ ಅಂತ ಓದಿದಾಗಿನಿಂದ ನೀವು ಮಗುವನ್ನು ಎತ್ತಿಕೊಂಡಿಲ್ಲ. ನಿಮ್ಮಕ್ಕನಿಗೂ ಕಿವಿ ಕೇಳಿಸಲ್ಲ, ಹಾಗಾಗಿ ‘ನಮ್ಮ ವಂಶದಿಂದಲೇ ಬಂತು’ ಅಂತ ಕೊರಗುತ್ತಿದ್ದೀರಿ. ಡಾಕ್ಟರನ್ನೇ ಕೇಳಿದೆ. “ಜನ್ಮಜಾತ ಅಂದ್ರೆ ಹುಟ್ಟುವಾಗಲೇ ಇದ್ದದ್ದು ಅಷ್ಟೇ ಕಣಮ್ಮ. ವಂಶದಿಂದ ಬಂದಿದ್ರೆ ಆನುವಂಶಿಕ ಅಂತೀವಿ. ಇದು ನೀವು ಬಸುರಿಯಾಗಿದ್ದಾಗ ತಗುಲಿದ ಸೋಂಕಿನಿಂದ ಆದದ್ದು, ಟೆಸ್ಟಿನಲ್ಲಿ ಗೊತ್ತಾಗಿದೆ” ಅಂದರು.

ಹಾಗಂತ ಈಗ ನನ್ನ ತಲೆಗೆ ಕಟ್ಟಬೇಡಿ. ಸೋಂಕು ಯಾರನ್ನೂ ಕೇಳಿಕೊಂಡು ಬರಲ್ಲ.

ಅವಳು ಎದ್ದರೆ ಅತ್ತೆಯನ್ನು ಕೂಗಬೇಡಿ. ಎದುರಿಗೆ ಬಂದು ಮುಖ ತೋರಿಸಿ, ಆಮೇಲೆ ನೀವೇ ಎತ್ತಿಕೊಳ್ಳಿ. ಹಿಂದಿನಿಂದ ಎತ್ತಿದರೆ ಬೆಚ್ಚಿಬೀಳುತ್ತಾಳೆ. ನಿಮ್ಮ ಮುಖ ಕಂಡರೆ ನಗುತ್ತಾಳೆ, ನಾನು ನೋಡಿದ್ದೀನಿ.