ಅವಳ ಪಕ್ಕದ ಕುರ್ಚಿ

ಮಂಗಳವಾರ, ೧೪ನೇ ತಾರೀಖು

ನನ್ನ ಮೌನಗೌರಿಗೆ,

ಅಕ್ಕ ಇನ್ನೂ ಬದುಕಿದ್ದಾಳೆ, ಗಾಬರಿಯಾಗಬೇಡ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಎಷ್ಟು ಬೇಕಾದರೂ ಬೈದುಕೋ. ಮೂರು ಹೊತ್ತೂ ವಟಗುಟ್ಟುವ ನನಗೇ ಮಾತು ಸಿಗಲಿಲ್ಲವೆಂದರೆ ನೀನೇ ಊಹಿಸು.

ಗುಬ್ಬಿಯ ಮೇಲೆ ಕೇಸಾಗಿದೆ ಕಣೇ. ಶಾಲೆಯ ಹಿಂದಿನ ಉಗ್ರಾಣಕ್ಕೆ ಬೆಂಕಿ ಬಿದ್ದು, ಆರಿಸಲು ಹೋದ ಕಾವಲುಗಾರನ ಕೈ ಸುಟ್ಟಿದೆ. ಇವಳೂ ಇನ್ನೊಬ್ಬ ಹುಡುಗಿಯೂ ಅಲ್ಲಿಂದ ಓಡಿದ್ದನ್ನು ನೋಡಿದವರಿದ್ದಾರೆ. ಹದಿನಾಲ್ಕು ತುಂಬಿದ ನನ್ನ ಮಗಳು ಮಕ್ಕಳ ಕೋರ್ಟಿನಲ್ಲಿ ನಿಲ್ಲಬೇಕು. ತಪ್ಪು ಅವಳದೇ ಎಂದಾದರೆ ಮನೆ ಬಿಡಿಸಿ ಎಲ್ಲಿಗೋ ಕಳಿಸಿಬಿಡಬಹುದಂತೆ. ಏನಾಯಿತೆಂದು ಕೇಳಿದರೆ ನೆಲ ನೋಡುತ್ತಾಳೆ. ಥೇಟ್ ನೀನೇ.

ಮೊದಲು, ನಾನು ಬಟ್ಟೆ ಒಗೆಯುವ ಆಸ್ಪತ್ರೆಯ ಮೇಲ್ವಿಚಾರಕರು ಹೇಳಿದ ವಕೀಲರಲ್ಲಿಗೆ ಹೋದೆವು. "ನೀವು ಯೋಚ್ನೆ ಬಿಡಿ ಅಮ್ಮ, ಇದೆಲ್ಲ ನಂಗೆ ನೀರು ಕುಡಿದಷ್ಟು ಸುಲಭ. ಜೊತೆಗಿದ್ದ ಹುಡುಗಿ ಹಚ್ಚಿದ್ದು ಅಂತ ಹೇಳಿಸೋಣ" ಎಂದರು. ಹೋದ ಜೀವ ಬಂದಂತಾಯಿತು. ನನಗೆ ಕುರ್ಚಿ ಕೊಟ್ಟು ಅವಳನ್ನು ನಿಲ್ಲಿಸಿಯೇ ಮಾತಾಡಿದರೆಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಅದಕ್ಕೇ ಇನ್ನೊಬ್ಬ ವಕೀಲರನ್ನೂ ಕಂಡೆವು, ಇವರು ಹೆಂಗಸು. ಟೈರ್ ಅಂಗಡಿಯ ಮೇಲೆ ಒಂದು ಸಣ್ಣ ಕೋಣೆ. "ಯಾವ ಕ್ಲಾಸು ಮಗು?" ಎಂದರು. "ಒಂಬತ್ತು" ಎಂದೆ ನಾನು. "ನಿದ್ದೆ ಬರತ್ತಾ?" "ಎಲ್ಲಿ ಬರತ್ತೆ ಮೇಡಂ!" ಎಂದವಳೂ ನಾನೇ. ಆಕೆ ಪೆನ್ನು ಕೆಳಗಿಟ್ಟರು. "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?"

ಮೆಟ್ಟಿಲ ಮೇಲೆ ಕೂತೆ. ಬಾಗಿಲಿಗೆ ಕಿವಿಯನ್ನೂ ಕೊಟ್ಟೆ, ನಗಬೇಡ. ಕೆಳಗೆ ಗಾಳಿ ತುಂಬುವ ಯಂತ್ರದ ಸದ್ದಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅದು ಗುಬ್ಬಿಯ ದನಿಯೇ, ನಿಲ್ಲದೆ ಹರಿಯುತ್ತಿತ್ತು. ಹೊರಬಂದಾಗ ಕಣ್ಣು ಊದಿತ್ತು. "ಇವರೇ ಇರ್ಲಿ ಅಮ್ಮ" ಎಂದಳು. ಏನು ಹೇಳಿದಳೆಂದು ಆ ವಕೀಲೆಯನ್ನು ಕೇಳಿದೆ. "ನಾನು ಅವಳ ವಕೀಲೆ, ನಿಮ್ಮ ವಕೀಲೆ ಅಲ್ಲ. ಹೇಳ್ಬೇಕು ಅನ್ನಿಸ್ದಾಗ ಅವಳೇ ಹೇಳ್ತಾಳೆ" ಎಂದರು. ಮೈಯೆಲ್ಲ ಉರಿಯಿತು. ಹೆತ್ತವಳ ಮುಖಕ್ಕೇ ಬಾಗಿಲು ಹಾಕುವ ಇವರಿಗಿಂತ ಮೊದಲಿನವರೇ ವಾಸಿ ಎನಿಸಿತು.

ಅವಳ ಅಪ್ಪ ತೀರಿಕೊಂಡ ಮೇಲೆ ಮನೆ ಬಿಕೋ ಎನ್ನಬಾರದೆಂದು ಮೂವರ ಮಾತನ್ನೂ ನಾನೊಬ್ಬಳೇ ಆಡುತ್ತಾ ಬಂದೆ. ಈಗ ಆಡಿದರೆ ಗೋಡೆ ಕೇಳಿಸಿಕೊಳ್ಳುತ್ತದೆ. ಆ ವಕೀಲೆಯನ್ನು ಕಂಡು ಬಂದ ರಾತ್ರಿ ಮಾತ್ರ ಗುಬ್ಬಿ ಊಟಕ್ಕೆ ಕೂತು ಎರಡನೇ ಸಲ ಬಡಿಸಿಕೊಂಡಳು. ಎಷ್ಟು ದಿನವಾಗಿತ್ತು ಗೊತ್ತಾ? ಮರುದಿನ ಹೋಗಿ ಆ ಹೆಂಗಸನ್ನೇ ಗೊತ್ತುಮಾಡಿ ಬಂದೆ.

ನಿನ್ನ ಬೆನ್ನುನೋವು ಬೇಗ ಬಿಡಲಿ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ನನ್ನ ಆಯಸ್ಸೂ ನಿನಗಿರಲಿ.

ಇಂತಿ,
ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಬರೆಯಲು ಮರೆತಿದ್ದೆ. ಮರೆತಿರಲಿಲ್ಲ, ಸುಳ್ಳೇಕೆ. ವಿಚಾರಣೆಯ ದಿನ ಮಗುವಿನ ಪಕ್ಕದ ಕುರ್ಚಿಯಲ್ಲಿ ಮನೆಯವರೊಬ್ಬರು ಮಾತ್ರ ಕೂರಬಹುದಂತೆ. ಯಾರು ಬೇಕೆಂದು ವಕೀಲೆ ಅವಳನ್ನು ಕೇಳಿದರು. ನಾನೇ ಎಂದು ಬಾಯಿ ತೆರೆದಿದ್ದೆ. "ಚಿಕ್ಕಮ್ಮ ಬರ್ಲಿ. ಅವರು ಸುಮ್ನೆ ಪಕ್ಕದಲ್ಲಿ ಕೂತ್ಕೋತಾರೆ" ಎಂದಳು ಗುಬ್ಬಿ. ವಿಚಾರಣೆ ಬರುವ ಸೋಮವಾರ ಬೆಳಿಗ್ಗೆ. ಬಾರೇ. ಹೆದರಿದರೆ ಅವಳ ಕೈ ತಣ್ಣಗಾಗುತ್ತದೆ, ಹಿಡಿದುಕೊಂಡಿರು. ನಾನು ಹೊರಗೆ ಬೆಂಚಿನ ಮೇಲೆ ಇರುತ್ತೇನೆ.