ಬಿಡು ಅಂದರೆ ಒತ್ತುವುದಾ, ಅಮ್ಮಾ?

ಸದಾ ನನ್ನ ಬೆನ್ನ ಹಿಂದೆಯೇ ಇರುತ್ತಿದ್ದ ಅಮ್ಮನಿಗೆ,

ಮೊನ್ನೆ ಟ್ಯೂಶನ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಇದ್ದವಳು ಮಧ್ಯದಲ್ಲಿ ಕತ್ತು ತಿರುಗಿಸಿದೆ. ನನ್ನ ಕತ್ತು ಪೂರ್ತಿ ತಿರುಗುವುದಿಲ್ಲ ಅಂತ ನಿನಗೆ ಗೊತ್ತು. ಕಾಲಿನಿಂದ ಶುರುವಾದ ಸ್ನಾಯುಗಳ ಕಾಯಿಲೆ ಭುಜದವರೆಗೆ ಹತ್ತಿದೆ ಅಂತಲೂ ಗೊತ್ತು. ಆದರೂ ಚಟ ಹೋಗಬೇಕಲ್ಲ! "ಏನ್ ಮಿಸ್, ಹಿಂದೆ ಯಾರಿದಾರೆ?" ಅಂತ ಒಬ್ಬಳು ಕೇಳಿದಳು. ಗೋಡೆ ಇದೆ, ಕ್ಯಾಲೆಂಡರ್ ಇದೆ, ಇನ್ಯಾರು ಇರುತ್ತಾರೆ? "ಮೊದ್ಲು ಆ ಭಿನ್ನರಾಶಿ ಮುಗಿಸು" ಅಂತ ಗದರಿಬಿಟ್ಟೆ. ಪಾಪದ ಹುಡುಗಿ. ನಿನಗೆ ಒಂದು ಸುದ್ದಿ ಹೇಳಬೇಕು ಅಂತ ಬರೆಯಲು ಕೂತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ, ಬೈಯಬೇಡ. ಆದರೆ ಸುದ್ದಿಗೆ ಮೊದಲು ಜಗಳ ಮುಗಿಯಬೇಕು, ನೀನು ಅರ್ಧಕ್ಕೆ ಎದ್ದು ಹೋದ ಜಗಳ.

ಆ ಹುಣ್ಣು ನೆನಪಿದೆಯಾ? ಮರೆಯುವಂಥದ್ದಾ ಅದು! ವೀಲ್‌ಚೇರಿನಲ್ಲಿ ಕೂತು ಕೂತು ಸೊಂಟದ ಕೆಳಗೆ ಆಗಿ, ಒಂದು ಇಡೀ ಬೇಸಿಗೆ ನನ್ನನ್ನು ಬೋರಲು ಮಲಗಿಸಿತು. "ಒಂದೇ ಕಡೆ ಭಾರ ಬಿದ್ರೆ ಚರ್ಮ ಸತ್ತುಹೋಗುತ್ತೆ. ಆಗಾಗ ಭಾರ ಬೆನ್ನಿಗೆ ಹೋಗ್ಬೇಕು. ಸೀಟ್ ಸಮೇತ ಹಿಂದಕ್ಕೆ ವಾಲೋ ಚೇರ್ ಇರುತ್ತೆ, ಆದ್ರೆ ಹೊರದೇಶದಿಂದ ತರಿಸ್ಬೇಕು" ಅಂದರು ಡಾಕ್ಟರು. ವಾಪಸ್ ಬರುವಾಗ ಮಾಗಡಿ ರೋಡಿನ ಜಾಮಿನಲ್ಲಿ ಆಟೋ ನಿಂತಿತ್ತು. ನೀನು "ವಾಲೋದ್ ತಾನೇ? ನಾವೇ ಮಾಡೋಣ ಬಿಡು" ಅಂದೆ. ರಾಜಾಜಿನಗರದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ರೇಡಿಯೊಗಳಿಗೆ ವೈರು ಬೆಸೆದವಳು ನೀನು. ನಿನಗೆ ಅದೇನೂ ದೊಡ್ಡ ವಿಷಯ ಅನಿಸಲಿಲ್ಲ.

ಕಾಮಾಕ್ಷಿಪಾಳ್ಯದ ವೆಲ್ಡಿಂಗ್ ಶೆಡ್ಡಿನಲ್ಲಿ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕನ ಗಂಡ ನಾಗರಾಜ ಭಾವ ಕೇಬಲ್ ಟೀವಿಯವರು. ದೊಡ್ಡ ಡಿಶ್ ತಿರುಗಿಸುವ, ಕೈಯ ಹಾಗೆ ಚಾಚಿ ಮಡಚಿಕೊಳ್ಳುವ ಮೋಟರೊಂದು ಅವರ ಟೆರೇಸಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನೇ ನನ್ನ ಬ್ಯಾಟರಿ ಗಾಡಿಯ ಸೀಟಿನ ಕೆಳಗೆ ಕೂರಿಸಿದರು. ಮೊದಲ ಸಲ ಅವರು ಮಾಡಿದ್ದು ಲಕ್ಷುರಿ ಬಸ್ಸಿನ ಪುಷ್‌ಬ್ಯಾಕ್ ಸೀಟು. ಬೆನ್ನು ಮಾತ್ರ ಹಿಂದೆ ಹೋಯಿತು, ನಾನು ಸೊಂಟದಿಂದ ಜಾರಿಕೊಂಡು ಮುಂದೆ ಬಂದೆ. "ನೋಡಿ ನಾಗರಾಜು, ಹೀಗ್ ಜಾರಿದ್ರೆ ಚರ್ಮ ಉಜ್ಜುತ್ತೆ ಕಣ್ರೀ, ಇರೋ ಹುಣ್ಣಿಗೆ ಇನ್ನೊಂದು ಹುಣ್ಣು. ಮೊರ ಓರೆ ಮಾಡ್ದಂಗೆ ಇಡೀ ಸೀಟೇ ವಾಲ್ಬೇಕು, ಕೂತ್ಕೊಂಡ್ ಹಂಗೇ ಇರ್ಬೇಕು" ಅಂದೆ ನೀನು. ಭಾವ ತಲೆ ಕೆರೆದುಕೊಂಡರು. ಮತ್ತೆ ಕಿತ್ತು ಮತ್ತೆ ಮಾಡಿದರು. ನಾನು ಶೆಡ್ಡಿನ ಮೂಲೆಯಲ್ಲಿ ಕೂತು ಬೋಂಡ ತಿನ್ನುತ್ತಿದ್ದೆ.

ಬಸವೇಶ್ವರನಗರದ ನಮ್ಮ ಹಾಲಿನಲ್ಲಿ ಮೊದಲ ಪರೀಕ್ಷೆ ಆಯಿತಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನೀನು ಗುಂಡಿ ಹಿಡಿದು ಹಿಂದೆ ನಿಂತಿದ್ದೆ. ಒತ್ತಿದಷ್ಟು ಹೊತ್ತು ವಾಲುವ, ಕೈ ತೆಗೆದರೆ ನಿಲ್ಲುವ ಗುಂಡಿ. ಭಾವ ಮುಂದಿನ ಚಕ್ರ ನೋಡುತ್ತಾ ಕುಕ್ಕರುಗಾಲಲ್ಲಿ ಕೂತಿದ್ದರು. ಟೆರೇಸಿನಿಂದ ಹುಡುಗರಿಗೆ "ಲೈನ್ ಬಿಡ್ರೋ, ಬಿಡ್ರೋ" ಅಂತ ಕೂಗಿ ಅಭ್ಯಾಸವಾದ ಬಾಯಿ. "ಹಾಂ ಅತ್ತೆ, ಕರೆಂಟ್ ಬಿಡಿ. ಬಿಡಿ, ಬಿಡ್ತಾ ಇರಿ" ಅಂದರು. ನೀನು ಒತ್ತಿದೆ. ನಾನು ವಾಲಿದೆ. ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಗುಂಡಿಯಿಂದ ಕೈ ತೆಗಿ ಅಂತ ನಾನು ಅರಚಿದೆ:

"ಬಿಡಮ್ಮಾ, ಬಿಡು!"

"ಬಿಡ್ತಾನೇ ಇದೀನಲ್ಲೇ!" ಅಂತ ನೀನೂ ಅರಚಿ ಇನ್ನೂ ಗಟ್ಟಿಯಾಗಿ ಒತ್ತಿದೆ.

ಗಾಡಿ ಹಿಂದಕ್ಕೆ ಮಗುಚಿ ಗೋಡೆಗೆ ಬಡಿಯಿತು. ಗೋಡೆಗೂ ಗಾಡಿಯ ಪೈಪಿಗೂ ಮಧ್ಯೆ ನಿನ್ನ ಮಣಿಕಟ್ಟು. ನನಗೆ ಒಂದು ಗೀರೂ ಆಗಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ನೀನು ಕೇಳಿದ ಮೊದಲ ಮಾತು, "ಬಿಡು ಅಂದ್ರೆ ಬಿಡೋದೋ, ಒತ್ತೋದೋ? ಒಂದ್ ತೀರ್ಮಾನಕ್ ಬನ್ನಿ ಇಬ್ರೂ."

ಆಮೇಲೆ ನೀನು ಯಾರ ಮಾತನ್ನೂ ನಂಬಲಿಲ್ಲ. ಒಂದೇ ಕೈ ಇಟ್ಟುಕೊಂಡು, ಪಕ್ಕದಲ್ಲಿ ನಿಂತು ಎಲ್ಲ ಮಾಡಿಸಿದೆ. ವಾಲಿದಾಗಲೂ ನನ್ನ ಭಾರ ಚಕ್ರಗಳ ನಡುವೆಯೇ ಬೀಳುವ ಹಾಗೆ ಸೀಟನ್ನು ಮುಂದಕ್ಕೆ ಸರಿಸಿದ್ದಾಯಿತು. ಮಗುಚದಂತೆ ಹಿಂದೆ ಪುಟ್ಟ ಚಕ್ರಗಳು ಬಂದವು. ಹೆಚ್ಚು ವಾಲಿದರೆ ಮೋಟರ್ ತಾನಾಗಿ ನಿಲ್ಲಬೇಕು, ಸೀಟು ವಾಲಿರುವಾಗ ಗಾಡಿ ಓಡಲೇಬಾರದು, ಹೀಗೆ ಬೇರೆ ಬೇರೆ ಸ್ವಿಚ್ಚು. ನಮ್ಮ ಮನೆಯಲ್ಲಿ 'ಬಿಡು' ಅನ್ನುವ ಮಾತಿಗೇ ಬಹಿಷ್ಕಾರ. ವಾಲಿಸಲು 'ಹೂಂ', ನಿಲ್ಲಿಸಲು, ಮೇಲೆತ್ತಲು 'ಸಾಕು'. ಟ್ಯೂಶನ್ನಿನ ಯಾವುದೋ ಹುಡುಗನಿಗೆ ನಾನು "ಹೋಗ್ಲಿ ಬಿಡೋ, ನಾಳೆ ಮಾಡು" ಅಂದರೆ ನೀನು ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬರುತ್ತಿದ್ದೆ. ಎಷ್ಟು ನಕ್ಕಿದ್ದೇವೆ! ಆದರೆ ಆ ನಗುವಿನ ಮಧ್ಯೆ ನೀನು ಇನ್ನೊಂದು ಕೆಲಸ ಮಾಡಿದೆ. ಗುಂಡಿಯನ್ನು ನನ್ನ ತಲೆಯ ಹಿಂದೆ, ನಿನ್ನ ಕೈಗೆ ಮಾತ್ರ ಸಿಗುವ ಕಡೆ ಬಿಗಿದುಬಿಟ್ಟೆ.

ಜಗಳ ಅಲ್ಲಿಂದ ಶುರುವಾಯಿತು. ಗಾಡಿ ಓಡಿಸುವ ಹಿಡಿ ನನ್ನ ಬಲಗೈ ಹತ್ತಿರ ಇರಬಹುದಾದರೆ ವಾಲಿಸುವ ಗುಂಡಿ ಯಾಕೆ ಇರಬಾರದು? ಬಲಗೈ ಹೆಬ್ಬೆಟ್ಟು ಇನ್ನೂ ಗಟ್ಟಿಮುಟ್ಟಾಗಿದೆ ಅಂತ ಎಷ್ಟು ಸಲ ತೋರಿಸಿದೆ ನಿನಗೆ? "ಇವತ್ ಗಟ್ಟಿಯಾಗಿದೆ. ಒಂದಿನ ಸೋತ್ರೆ? ಹಿಂದಕ್ ಹೋಗ್ಬಿಟ್ಟು ಮೇಲೆ ಬರೋಕಾಗ್ದೆ, ಉಸ್ರು ಕಟ್ಟಿದ್ರೆ? ನಾನ್ ಅಂಗಡಿಗ್ ಹೋಗಿದ್ರೆ?" ಅನ್ನುತ್ತಿದ್ದೆ ನೀನು. ನಿನ್ನ ಭಯ ಸುಳ್ಳಲ್ಲ, ನನಗೂ ಅರ್ಥವಾಗುತ್ತಿತ್ತು. ಆದರೆ ಬೆನ್ನು ಉರಿದರೂ 'ಅಮ್ಮಾ, ಹೂಂ', ಟ್ಯೂಶನ್ ಬೋರ್ಡು ನೋಡಬೇಕಾದರೂ 'ಅಮ್ಮಾ, ಸಾಕು'. ನನ್ನ ಮೈಯನ್ನು ನಾನೇ ಅರ್ಜಿ ಹಾಕಿ ಕೇಳಬೇಕಾ? ಒಂದು ಸಂಜೆ ರೇಗಿ ಕೇಳಿಯೇಬಿಟ್ಟೆ, "ನೀನ್ ಎಷ್ಟ್ ದಿನಾಂತ ಹಿಂದೆ ನಿಂತಿರ್ತೀಯಾ?" ನೀನು ಕುಕ್ಕರ್ ಕೂಗಿತು ಅಂತ ಎದ್ದು ಹೋದೆ. ಕುಕ್ಕರ್ ಕೂಗಿರಲಿಲ್ಲ, ಅಮ್ಮ.

ಮಾರನೇ ದಿನ ಮಧ್ಯಾಹ್ನ ನನ್ನನ್ನು ವಾಲಿಸಿ, "ಒಗ್ಗರಣೆ ಹಾಕಿ ಬಂದೆ ಕಣೇ" ಅಂತ ಒಳಗೆ ಹೋದೆ. ಸಾಸಿವೆ ಸಿಡಿಯುವುದು ಕೇಳಿಸಿತು. ಆಮೇಲೆ ಏನೋ ಬಿದ್ದ ಸದ್ದು. ಪಾತ್ರೆ ಅಂದುಕೊಂಡೆ. "ಅಮ್ಮಾ, ಸಾಕು" ಅಂದೆ. "ಸಾಕಮ್ಮಾ." "ಅಮ್ಮಾ, ಸಾಕು ಅಂದ್ನಲ್ಲ!" ಎಣ್ಣೆ ಸೀಯುವ ವಾಸನೆ ಬಂತು. ಮೊಬೈಲು ಟೀವಿಯ ಮೇಲೆ ಚಾರ್ಜಿಗಿತ್ತು. ಗಾಡಿಯ ಹಿಡಿ ಕೈಯಲ್ಲೇ ಇತ್ತು, ಎಷ್ಟು ತಳ್ಳಿದರೂ ಅಲ್ಲಾಡಲಿಲ್ಲ, ಯಾಕೆಂದರೆ ಸೀಟು ವಾಲಿರುವಾಗ ಓಡಬಾರದು ಅಂತ ನೀನೇ ಮಾಡಿದ್ದೆ. ಅಡುಗೆಮನೆ ಬಾಗಿಲು ಅಲ್ಲೇ, ಅಷ್ಟು ಹತ್ತಿರ. ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ಫ್ಯಾನು. ಹೊಗೆ ನೋಡಿ ಮೇಲಿನ ಮನೆಯ ವಿಮಲಾ ಆಂಟಿ ಓಡಿ ಬರುವವರೆಗೂ ಆ ಫ್ಯಾನು ನೋಡುತ್ತಾ ಕಿರುಚುತ್ತಲೇ ಇದ್ದೆ. ಆಂಟಿ ಮೊದಲು ಒಲೆ ಆರಿಸಿದರು, ಆಮೇಲೆ ನಿನ್ನ ಹತ್ತಿರ ಕೂತರು. ಅವರು ಅಳುವುದು ಕೇಳಿಸಿತು. ನನ್ನನ್ನು ಯಾರೋ ಮೇಲೆತ್ತಿದ್ದು ಬಹಳ ಹೊತ್ತಿನ ಮೇಲೆ.

ನಿನ್ನ ಎದೆಬಡಿತ ನಿಂತುಹೋಗಿತ್ತಂತೆ. "ಬಿದ್ದಾಗ್ಲೇ ಹೋಗ್ಬಿಟ್ಟಿದ್ರಂತೆ ಗೀತಾ. ನೀನ್ ಒಳಗ್ ಹೋಗಿದ್ರೂ ಏನೂ ಆಗ್ತಿರ್ಲಿಲ್ಲ, ಬಿಡು" ಅಂದರು ಭಾವ. ಆ ಮಾತು ಬಾಯಿಂದ ಬಿದ್ದದ್ದೇ ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬಿಡುವುದು ಹೇಗೆ? ಏನೂ ಆಗುತ್ತಿರಲಿಲ್ಲವೇನೋ. ನಿನ್ನ ತಲೆಯ ಹತ್ತಿರವಾದರೂ ಇರುತ್ತಿದ್ದೆನಲ್ಲ? ನಿನ್ನ ಮೇಲೆ ನನಗೆ ಸಿಟ್ಟಿದೆ ಅಮ್ಮ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಇದೆ, ಏನು ಮಾಡಲಿ?

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಕ್ಕ ಇಲ್ಲೇ ಉಳಿದಳು. "ಆ ಸೀಟ್ ಕಿತ್ ಹಾಕ್ಸಿ ಕೆಂಗೇರಿಗ್ ಬಂದ್ಬಿಡು. ನಮಗೆ ಅದರ ಸಹವಾಸಾನೇ ಬೇಡ" ಅಂದಳು. ನಾನು ಕೆಂಗೇರಿಗೂ ಹೋಗಲಿಲ್ಲ, ಇಲ್ಲಿ ವಾಲಲೂ ಇಲ್ಲ. ಯಾರಾದರೂ ಹಿಂದೆ ಬಂದು ಆ ಗುಂಡಿ ಮುಟ್ಟಿದರೆ ಬೇಡ ಅಂತ ಅರಚಿಬಿಡುತ್ತಿದ್ದೆ. ನೆಟ್ಟಗೆ ಕೂತೇ ಇದ್ದೆ, ಹಟಕ್ಕೆ ಬಿದ್ದವಳ ಹಾಗೆ. ಒಂದು ಬೆಳಗ್ಗೆ ಸ್ನಾನ ಮಾಡಿಸುತ್ತಿದ್ದ ಅಕ್ಕನ ಕೈ ನಿಂತುಹೋಯಿತು. "ಗೀತಾ, ಕೆಂಪಗಾಗಿದೆ ಕಣೇ. ಅದೇ ಜಾಗ." ಮತ್ತೆ ಆ ಬೇಸಿಗೆ, ಮತ್ತೆ ಬೋರಲು ಮಲಗುವುದು. ಈ ಸಲ ನೀನು ಬೇರೆ ಇಲ್ಲ. ಅವತ್ತೇ ಭಾವನಿಗೆ ಫೋನ್ ಮಾಡಿಸಿದೆ. "ಗುಂಡಿ ನನ್ನ ಹೆಬ್ಬೆಟ್ಟಿಗೆ ಬರ್ಬೇಕು ಭಾವ. ಇಲ್ಲಾಂದ್ರೆ ನಾನು ವಾಲೋದೇ ಇಲ್ಲ" ಅಂದೆ.

ಭಾವ ಸ್ಕ್ರೂಡ್ರೈವರ್ ಹಿಡಿದು ಬೆನ್ನಿನ ರೆಕ್ಸಿನ್ ಬಿಚ್ಚಿದರು. ನನಗೆ ಕಾಣುವುದಿಲ್ಲವಲ್ಲ, ಸುಮ್ಮನಿರಲಾಗದೆ ಕೇಳುತ್ತಲೇ ಇದ್ದೆ. "ವೈರ್ ಸಾಲುತ್ತಾ ಭಾವ? ಹೊಸದು ತರ್ಬೇಕಾ? ಯಾಕ್ ಮಾತಾಡ್ತಿಲ್ಲ?" ಅವರು ಎದ್ದು ನನ್ನ ಮುಂದೆ ಬಂದರು. ಕೈಯಲ್ಲಿ ಒಂದು ಸುರುಳಿ. ಕಾರ್ಖಾನೆಯಲ್ಲಿ ಕಟ್ಟುವ ಹಾಗೆ ಮೇಣದ ದಾರದಲ್ಲಿ ಬಿಗಿದ ನಿನ್ನ ಗಂಟು, ನೋಡಿದರೇ ಗೊತ್ತಾಗುತ್ತದೆ. "ಒಳಗ್ ಸುತ್ತಿಟ್ಟಿದಾರೆ ಗೀತಾ." ದಾರ ಕತ್ತರಿಸಿ ಎಳೆದರೆ ವೈರು ಬಂತು, ಬಂತು, ನನ್ನ ಬಲಗೈ ಹೆಬ್ಬೆಟ್ಟು ದಾಟಿ ಇನ್ನೂ ಸ್ವಲ್ಪ ಉಳಿಯಿತು.

"ಫ್ಯಾಕ್ಟರಿ ಅಭ್ಯಾಸ ಇರ್ಬೇಕು. ರಿಪೇರಿಗೆ ಅಂತ ಒಂಚೂರ್ ಬಿಟ್ಟಿರ್ತಾರೆ" ಅಂದರು ಭಾವ.

"ಇಷ್ಟೊಂದಾ?" ಅಂದಳು ಅಕ್ಕ.

ನನಗೆ ನೆನಪಾದದ್ದು ಸ್ಕೂಲ್ ಯೂನಿಫಾರ್ಮಿನ ಲಂಗ. ಪ್ರತಿ ವರ್ಷ ದರ್ಜಿಗೆ ನೀನು ಹೇಳುತ್ತಿದ್ದ ಮಾತು: "ಮಡಿಕೆ ಒಳಗೆ ಬಟ್ಟೆ ಬಿಡಿ, ಬೆಳೆಯೋ ಹುಡುಗಿ." ವರ್ಷ ಕಳೆದ ಮೇಲೆ ನೀನೇ ಕೂತು ಹೊಲಿಗೆ ಬಿಚ್ಚಿ ಉದ್ದ ಮಾಡುತ್ತಿದ್ದೆ. ವೈರನ್ನೂ ಹಾಗೇ ಬಿಟ್ಟಿದ್ದೆಯಾ? ಯಾವತ್ತೋ ಒಂದು ದಿನ ನೀನೇ ಬಿಚ್ಚಿ ಕೊಡಬೇಕು ಅಂತಿದ್ದೆಯಾ, ಅಥವಾ ಭಾವ ಹೇಳುವ ಹಾಗೆ ಬರೀ ಅಭ್ಯಾಸವಾ? ಜಗಳದ ಮಧ್ಯೆ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅವತ್ತು ರಾತ್ರಿಯೆಲ್ಲ ಅತ್ತೆ. ಸಿಟ್ಟು ಪೂರ್ತಿ ಹೋಗಲಿಲ್ಲ, ನಿಜ ಹೇಳುತ್ತೇನೆ.

ಈಗ ಸುದ್ದಿ. ನೀನು ಕೇಳಿದ ಪ್ರಶ್ನೆಗಳನ್ನೂ ಬಿಟ್ಟಿಲ್ಲ, ಕೇಳಿಸಿಕೋ. ಹೆಬ್ಬೆಟ್ಟು ಸೋತರೆ ಅಂತ, ಮೇಲಕ್ಕೆ ಮಾತ್ರ ತರುವ ಇನ್ನೊಂದು ದೊಡ್ಡ ಗುಂಡಿಯನ್ನು ಮೊಣಕೈ ಪಕ್ಕದಲ್ಲಿ ಹಾಕಿಸಿದ್ದೇನೆ. ತೋಳು ಸುಮ್ಮನೆ ಒರಗಿದರೂ ಸಾಕು, ಎಬ್ಬಿಸಿ ಕೂರಿಸುತ್ತದೆ. ಮೋಟರೇ ಕೆಟ್ಟರೆ ಅಂತ, ವಿಮಲಾ ಆಂಟಿ ಮನೆಗೆ ಒಂದು ಕಾಲಿಂಗ್ ಬೆಲ್ ಎಳೆದಿದ್ದಾರೆ ಭಾವ. ಹೆಬ್ಬೆಟ್ಟು ಇನ್ನಷ್ಟು ಸೋತ ದಿನ ಗುಂಡಿಯನ್ನು ಗದ್ದಕ್ಕೆ ತರಿಸಿಕೊಳ್ಳುತ್ತೇನೆ, ಹಟ ಮಾಡುವುದಿಲ್ಲ. ಮಾತು ಕೊಟ್ಟಿದ್ದೇನೆ. ಆಯಿತಾ?

ಇವತ್ತು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿದ್ದಳು. ಹಾಲಿನಲ್ಲಿ ನಾನೊಬ್ಬಳೇ. ಒತ್ತಿದೆ. ಗೋಡೆ ಕೆಳಗಿಳಿಯಿತು, ಫ್ಯಾನು ಬಂತು, ಅದೇ ಫ್ಯಾನು. "ಸಾಕು" ಅಂದುಬಿಟ್ಟೆ, ನಿನಗೆ. ಹಿಂದೆ ಯಾರೂ ಇರಲಿಲ್ಲ, ಸೀಟು ವಾಲುತ್ತಲೇ ಇತ್ತು. ಆಮೇಲೆ ನೆನಪಾಗಿ ಹೆಬ್ಬೆಟ್ಟು ಎತ್ತಿದೆ. ಬಿಟ್ಟೆ ಅಮ್ಮಾ. ಬಿಟ್ಟ ತಕ್ಷಣ ನಿಂತಿತು. ಬೆನ್ನಿಗೆ ಭಾರ ಇಳಿಯುವವರೆಗೂ ಹಾಗೇ ಒರಗಿದ್ದೆ. ಒಳಗೆ ಸಾಸಿವೆ ಸಿಡಿಯಿತು. ಮೊಣಕೈ ಒರಗಿಸಿ ಎದ್ದು ಕೂತೆ, ಗಾಡಿಯ ಹಿಡಿ ತಳ್ಳಿದೆ, ಅಡುಗೆಮನೆಯ ಬಾಗಿಲವರೆಗೂ ಹೋದೆ.

ಅಕ್ಕ ಒಲೆ ಮುಂದೆ ನಿಂತಿದ್ದವಳು ಬೆಚ್ಚಿಬಿದ್ದು ತಿರುಗಿದಳು. "ಏನೇ? ಏನ್ ಬೇಕಿತ್ತು? ಕೂಗ್ಬಾರ್ದಾ?"

ಏನೂ ಬೇಕಿರಲಿಲ್ಲ. ನೀನು ಬಿದ್ದಿದ್ದ ಜಾಗ ಬಾಗಿಲಿನ ಪಕ್ಕದಲ್ಲೇ ಇತ್ತು. ನೋಡಿಕೊಂಡು ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಬಂದೆ, ಅಮ್ಮಾ.

ನಿನ್ನ ಗೀತಾ