ಆಕ್ಸಿಜನ್ ಪೆಟ್ಟಿಗೆಯೊಳಗೆ ಅಜ್ಜಿ

೧೪ ನವೆಂಬರ್ ೨೦೨೪, ಗುರುವಾರ. ಹಳಿಯಾಳ

ಸಕ್ಕರೆ ಕಾಯಿಲೆಯ ಹುಣ್ಣು ಮಾಯದಿದ್ದರೆ ಅಜ್ಜಿಯ ಪಾದ ಕತ್ತರಿಸಬೇಕಂತೆ. ಅದಕ್ಕೇ ಇಂದು ಹುಬ್ಬಳ್ಳಿಗೆ ಹೋಗಿದ್ದೆವು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಒತ್ತಡದಲ್ಲಿ ಆಕ್ಸಿಜನ್ ಕೊಡುತ್ತಾರೆ. ಕಿಡಿ ಹುಟ್ಟಿದರೆ ಬೆಂಕಿ, ಲೋಹ ಒಯ್ಯುವಂತಿಲ್ಲ. ಅಜ್ಜಿಯ ಕೊರಳಲ್ಲಿದ್ದ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆಯನ್ನು ತೆಗೆಯಲು ಟೆಕ್ನಿಷಿಯನ್ ನಸ್ರೀನ ಹೇಳಿದಳು.

"ಲಿಂಗ ಬಿಟ್ಟು ಒಂದ್ ತಾಸೂ ಇದ್ದಾಕಿ ಅಲ್ಲ ನಾ. ಬೇಕಾದ್ರ ಕಾಲ್ ಕಡೀರಿ," ಎಂದರು ಅಜ್ಜಿ.

ನಸ್ರೀನ ಡಾಕ್ಟರನ್ನು ಕೇಳಿ ಬಂದಳು. "ಬೆಳ್ಳಿ ಅಷ್ಟ ಬ್ಯಾಡ್ರಿ ಅಜ್ಜಿ. ಲಿಂಗಾ ಈ ಹತ್ತಿ ಅರಿವ್ಯಾಗ ಕಟ್ಕೊಳ್ರಿ. ನಾ ಮುಟ್ಟೂದಿಲ್ಲ."

ಅಜ್ಜಿ ತಾವೇ ಕಟ್ಟಿಕೊಂಡರು. ಒಳಗೆ ಒತ್ತಡಕ್ಕೆ ಕಿವಿ ನೋಯದಿರಲೆಂದು ಉಗುಳು ನುಂಗುತ್ತ ಮಲಗಿದ್ದರು. ಅಲ್ಲಿ ಉಸಿರು ಹೇಗಿರುತ್ತದೆ? ಹೊರಬಂದೊಡನೆ ಕೇಳಿದೆ.

"ಕಿವಿ ಟಪ್ ಅಂತು, ಅಷ್ಟ. ನಾಳೆ ಎಷ್ಟಕ್ಕ ಬರೂಣು?"